ಕುಟುಂಬದ ಡಿಜಿಟಲ್ ಫೋಟೋಗಳ ಹಂಚಿಕೆ: ಬೇರೆ ಬೇರೆ ಕಂಪ್ಯೂಟರುಗಳ ನಡುವೆ

ತಂದೆಯ ಮೇಜಿನ ಮೇಲೆ ವಿಂಡೋಸ್ ಕಂಪ್ಯೂಟರು, ತಾಯಿಯ ಬಳಿ ಆಂಡ್ರಾಯ್ಡ್ ಫೋನು, ಮಗಳ ಕೈಯಲ್ಲಿ ಐಫೋನು, ಪರದೇಶದಲ್ಲಿರುವ ಮಗನ ಹತ್ತಿರ ಮ್ಯಾಕ್. ಒಂದೇ ಮನೆಯಲ್ಲಿ ಇಷ್ಟು ಬಗೆಯ ಯಂತ್ರಗಳಿರುವುದು ಈಗ ಸಾಮಾನ್ಯ. ಮನೆಯ ಡಿಜಿಟಲ್ ಫೋಟೋಗಳು ಇವುಗಳ ನಡುವೆ ಓಡಾಡುವ ಬಗೆ, ಅದಕ್ಕಾಗಿ ರೂಪುಗೊಂಡ ಮಾನಕಗಳು ಮತ್ತು ದಾರಿಯಲ್ಲಿ ಆಗುವ ನಷ್ಟ ಈ ಲೇಖನದ ವಸ್ತು. ಫೋಟೋ ತೆರೆದುಕೊಳ್ಳುವುದೇ ಇಲ್ಲ ಎನ್ನುವ ತೊಂದರೆ ಈಗ ಬಹುಮಟ್ಟಿಗೆ ತಗ್ಗಿದೆ. ಉಳಿದಿರುವ ತೊಂದರೆ ಥಟ್ಟನೆ ಕಣ್ಣಿಗೆ ಬೀಳುವಂಥದ್ದಲ್ಲ. ಚಿತ್ರವೇನೋ ತಲುಪುತ್ತದೆ; ತೆಗೆದ ದಿನ, ಜಾಗ, ಅದರಲ್ಲಿರುವವರ ಹೆಸರು, ಆಲ್ಬಮ್ಮಿನಲ್ಲಿ ಅದಕ್ಕಿದ್ದ ಸ್ಥಾನ ಇವು ತಲುಪುವುದಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಮನೆಯವರು ಹುಡುಕುವುದು ಈ ವಿವರಗಳನ್ನೇ. ಆದ್ದರಿಂದ ಇಲ್ಲಿ ಅವುಗಳಿಗೇ ಹೆಚ್ಚು ಗಮನ ಕೊಟ್ಟಿದೆ.

ಹಿನ್ನೆಲೆ

ಅಮೆರಿಕದ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಕಟ್ಟಿದ ಡಿಜಿಟಲ್ ಕ್ಯಾಮೆರಾ ಕೇವಲ 0.01 ಮೆಗಾಪಿಕ್ಸೆಲ್ಲಿನದು. ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಮನೆಬಳಕೆಗೆಂದು ಬಂದ ಮೊದಮೊದಲ ಕ್ಯಾಮೆರಾಗಳಲ್ಲಿ ಒಂದಾದ ಆಪಲ್ ಕ್ವಿಕ್‌ಟೇಕ್ 100 (1994) ಮ್ಯಾಕಿಗೆ ಒಂದು, ವಿಂಡೋಸಿಗೆ ಇನ್ನೊಂದು ಎಂದು ಎರಡು ಆವೃತ್ತಿಗಳಲ್ಲಿ ಮಾರಾಟವಾಯಿತು. ಯಂತ್ರದ ಜಾತಿ ನೋಡಿ ಕ್ಯಾಮೆರಾ ಕೊಳ್ಳಬೇಕಾದ ಕಾಲ ಅದು.

1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಸಾಫ್ಟ್‌ವೇರ್ ಉದ್ಯಮಿ ಫಿಲಿಪ್ ಕಾನ್ ಒಂದು ಡಿಜಿಟಲ್ ಕ್ಯಾಮೆರಾ, ಒಂದು ಲ್ಯಾಪ್‌ಟಾಪ್ ಮತ್ತು ಮೊಬೈಲ್ ಫೋನನ್ನು ತಂತಿಯಿಂದ ಬೆಸೆದು, ಆಗಷ್ಟೇ ಹುಟ್ಟಿದ ಮಗಳ ಚಿತ್ರವನ್ನು ಆಸ್ಪತ್ರೆಯಿಂದಲೇ ಎರಡು ಸಾವಿರಕ್ಕೂ ಹೆಚ್ಚು ಪರಿಚಿತರಿಗೆ ಕಳಿಸಿದರು. ಮೊಬೈಲ್ ಜಾಲದ ಮೂಲಕ ಕೂಡಲೇ ಹಂಚಿಕೆಯಾದ ಮೊದಲ ಫೋಟೋ ಇದೇ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆ ಫೋಟೋ ಮನೆಯದಾಗಿತ್ತು, ಮಗುವಿನದಾಗಿತ್ತು ಎಂಬುದು ಇಡೀ ತಂತ್ರಜ್ಞಾನದ ಮೂಲ ಬಯಕೆಯನ್ನೇ ತೋರಿಸುತ್ತದೆ.

ಹೀಗೆ ಹಂಚಿಕೊಳ್ಳುವುದು ಸಾಧ್ಯವಾದದ್ದು ಎಲ್ಲ ಯಂತ್ರಗಳೂ ಓದಬಲ್ಲ ಒಂದು ಫೈಲ್ ಮಾದರಿ ಸಿಕ್ಕಿದ್ದರಿಂದ. 1992ರಲ್ಲಿ ಮಾನಕವಾದ ಜೆಪೆಗ್‌ನ ಹೃದಯದಲ್ಲಿರುವ ಗಣಿತಕ್ಕೆ ಬೆಂಗಳೂರಿನ ನಂಟಿದೆ. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್ ಆಮೇಲೆ ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರ ಜೊತೆಗೂಡಿ ಅವರು 1974ರ ಜನವರಿಯಲ್ಲಿ ಪ್ರಕಟಿಸಿದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ವಿಧಾನವೇ ಜೆಪೆಗ್‌ನ ಆಧಾರ. ಇದಕ್ಕೆ ಎರಡು ವರ್ಷ ಮೊದಲು ಇದೇ ವಿಷಯದ ಸಂಶೋಧನೆಗೆ ಅವರು ಕೇಳಿದ್ದ ಧನಸಹಾಯವನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ನಿರಾಕರಿಸಿತ್ತು.

ವಿಧಾನದ ಸಾರ ಹೀಗೆ. ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಗಳ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕವನ್ನೂ ಬೆಳಕಿನ ನಿಧಾನದ ಏರಿಳಿತ, ಬೇಗದ ಏರಿಳಿತ ಎಂದು 64 ವಿನ್ಯಾಸಗಳ ಮೊತ್ತವಾಗಿ ಬರೆಯುತ್ತಾರೆ. ತೀರ ಸೂಕ್ಷ್ಮ ಏರಿಳಿತಗಳನ್ನು ಮನುಷ್ಯನ ಕಣ್ಣು ಅಷ್ಟಾಗಿ ಗುರುತಿಸದ ಕಾರಣ ಅವುಗಳ ಲೆಕ್ಕವನ್ನು ಒರಟಾಗಿ ಇಟ್ಟುಕೊಂಡರೆ ಸಾಕು. 4000 ಅಗಲ, 3000 ಎತ್ತರದ 12 ಮೆಗಾಪಿಕ್ಸೆಲ್ ಚಿತ್ರ ಹಾಗೇ ಇದ್ದರೆ ಸುಮಾರು 36 ಮೆಗಾಬೈಟ್ ತಿನ್ನುತ್ತದೆ. ಜೆಪೆಗ್ ಆದಾಗ ಮೂರರಿಂದ ಐದು ಮೆಗಾಬೈಟಿನೊಳಗೆ ಕೂರುತ್ತದೆ. ಆದರೆ ಒಮ್ಮೆ ಬಿಟ್ಟ ಸೂಕ್ಷ್ಮ ಮತ್ತೆ ಬರುವುದಿಲ್ಲ. ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದಷ್ಟೂ ಚಿತ್ರ ಸವೆಯುತ್ತದೆ.

ಎಚ್‌ಇಐಸಿ ಮತ್ತು ಐಫೋನು

ಜೆಪೆಗ್ ತಂದ ಒಮ್ಮತ ಇಪ್ಪತ್ತೈದು ವರ್ಷ ಹೆಚ್ಚುಕಡಿಮೆ ಕದಲಲಿಲ್ಲ. 2017ರ ಸೆಪ್ಟೆಂಬರಿನಲ್ಲಿ ಐಒಎಸ್ 11ರ ಜೊತೆ ಆಪಲ್ ತನ್ನ ಹೊಸ ಫೋನುಗಳಲ್ಲಿ ಎಚ್‌ಇಐಸಿ ಮಾದರಿಯನ್ನು ತಂದಿತು. ಅದೇ ಗುಣಮಟ್ಟದ ಚಿತ್ರವನ್ನು ಇದು ಜೆಪೆಗ್‌ನ ಸುಮಾರು ಅರ್ಧ ಜಾಗದಲ್ಲಿ ಹಿಡಿದಿಡುತ್ತದೆ. ತೊಂದರೆ ಎಂದರೆ ಇದರೊಳಗಿನ ಸಂಕೋಚನ ವಿಧಾನಕ್ಕೆ ಪೇಟೆಂಟುಗಳ ಬೇಲಿಯಿದೆ. ಹೀಗಾಗಿ ಅನೇಕ ವಿಂಡೋಸ್ ಕಂಪ್ಯೂಟರುಗಳಲ್ಲಿ ಬೇರೆ ಎಕ್ಸ್‌ಟೆನ್ಶನ್ ಹಾಕಿಕೊಳ್ಳದೆ ಈ ಫೈಲುಗಳು ತೆರೆಯುವುದಿಲ್ಲ. ಹಳೆಯ ಟಿವಿಗಳಿಗೂ ಊರಿನ ಫೋಟೋ ಸ್ಟುಡಿಯೋದ ಹಳೆಯ ಸಾಫ್ಟ್‌ವೇರಿಗೂ ಇವು ಅಪರಿಚಿತ.

ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟ್ಸ್ ಎಂಬಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದಿನ ಫೋಟೋಗಳು ಜೆಪೆಗ್ ಆಗಿಯೇ ಉಳಿಯುತ್ತವೆ. ಈಗಾಗಲೇ ತೆಗೆದವುಗಳನ್ನು ಕೇಬಲ್ಲಿನ ಮೂಲಕ ವಿಂಡೋಸಿಗೆ ಇಳಿಸುವಾಗ ಫೋನು ಒಂದೊಂದನ್ನೂ ಜೆಪೆಗ್‌ಗೆ ಬದಲಿಸಿ ಕೊಡಲು ಹೊರಡುತ್ತದೆ. ಸಾವಿರಾರು ಚಿತ್ರಗಳಿದ್ದರೆ ಈ ಕೆಲಸ ಮಧ್ಯದಲ್ಲೇ ಮುಗ್ಗರಿಸಿ, ಸಾಧನ ಕೆಲಸ ಮಾಡುತ್ತಿಲ್ಲ ಎಂಬ ಸಂದೇಶ ತೋರಿಸಿ ನಿಲ್ಲುವುದುಂಟು. ಕೇಬಲ್ ಕೆಟ್ಟಿದೆ ಎಂದು ಹೊಸದು ತರುವವರಿದ್ದಾರೆ. ಫೋಟೋಸ್ ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ ‘ಕೀಪ್ ಒರಿಜಿನಲ್ಸ್’ ಒತ್ತಿದರೆ ಬದಲಾವಣೆಯ ಗೊಡವೆಯಿಲ್ಲದೆ ಮೂಲ ಫೈಲುಗಳೇ ಇಳಿಯುತ್ತವೆ. ಜೆಪೆಗ್ ಬೇಕಾದಾಗ ಕಂಪ್ಯೂಟರಿನಲ್ಲಿ ನಕಲು ಮಾಡಿಕೊಳ್ಳಬಹುದು. ಮೂಲ ಹಾಗೇ ಇರಲಿ.

2015ರಿಂದ ಐಫೋನುಗಳಲ್ಲಿ ಬಂದಿರುವ ಲೈವ್ ಫೋಟೋ ಒಂದು ನಿಶ್ಚಲ ಚಿತ್ರ ಮತ್ತು ಸುಮಾರು ಮೂರು ಸೆಕೆಂಡಿನ ವಿಡಿಯೋ ಎಂಬ ಎರಡು ಫೈಲುಗಳ ಜೋಡಿ. ವಿಂಡೋಸಿನಲ್ಲಿ ಈ ಜೋಡಿ ಬಿಡಿಯಾಗಿ ಕಾಣುತ್ತದೆ. ಕಸವೆಂದು ಅಳಿಸಿಹಾಕುವ ಆ ಪುಟ್ಟ ವಿಡಿಯೋದಲ್ಲಿ ಅಜ್ಜಿಯ ದನಿಯಿರಬಹುದು.

ಫೈಲಿನೊಳಗಿನ ಬರಹ

ಕ್ಯಾಮೆರಾ ಅಥವಾ ಫೋನು ಚಿತ್ರದ ಜೊತೆಗೆ ಅದೇ ಫೈಲಿನಲ್ಲಿ ಒಂದಷ್ಟು ವಿವರ ಬರೆದಿಡುತ್ತದೆ. ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮ ಸಂಘ 1995ರಲ್ಲಿ ರೂಪಿಸಿದ ಎಕ್ಸಿಫ್ ಎಂಬ ಮಾನಕ ಇದಕ್ಕೆ ಕಟ್ಟಳೆ. ತೆಗೆದ ದಿನ ಮತ್ತು ಗಂಟೆ, ಕ್ಯಾಮೆರಾದ ಹೆಸರು, ಫೋನಾದರೆ ನಿಂತ ಜಾಗದ ಅಕ್ಷಾಂಶ ರೇಖಾಂಶ ಎಲ್ಲವೂ ಇದರಲ್ಲಿ ಇರುತ್ತವೆ. ಬೇರೆ ಬೇರೆ ಯಂತ್ರಗಳ ಫೋಟೋಗಳು ಒಂದೆಡೆ ಸೇರಿದಾಗ ಅವುಗಳನ್ನು ಸರಿಯಾಗಿ ಜೋಡಿಸಬಲ್ಲ ಆಧಾರ ಇದೊಂದೇ.

ಚಿತ್ರ ಅಡ್ಡಬೀಳುವ ರಗಳೆಯೂ ಇಲ್ಲಿಂದಲೇ ಹುಟ್ಟುವುದು. ಫೋನನ್ನು ನೆಟ್ಟಗೆ ಹಿಡಿದರೂ ಒಳಗಿನ ಸೆನ್ಸರ್ ಚಿತ್ರವನ್ನು ಅಡ್ಡಲಾಗಿಯೇ ದಾಖಲಿಸುತ್ತದೆ. ತೋರಿಸುವಾಗ ಬಲಕ್ಕೆ ಕಾಲು ಸುತ್ತು ತಿರುಗಿಸು ಎಂದು ಎಕ್ಸಿಫ್‌ನ ದಿಕ್ಕಿನ ಖಾನೆಯಲ್ಲಿ 6 ಎಂಬ ಅಂಕಿ ಬರೆಯುತ್ತದೆ. ಮ್ಯಾಕ್ ಅದನ್ನು ಓದಿ ಪಾಲಿಸುತ್ತದೆ. ವಿಂಡೋಸ್ 7ರ ಫೋಟೋ ವ್ಯೂವರ್ ಓದುತ್ತಿರಲಿಲ್ಲ, ಕೆಲವು ಟಿವಿಗಳೂ ಡಿಜಿಟಲ್ ಫ್ರೇಮುಗಳೂ ಓದುವುದಿಲ್ಲ. ಮ್ಯಾಕಿನಲ್ಲಿ ನೆಟ್ಟಗೆ ನಿಂತ ಅಜ್ಜ ಅಲ್ಲಿ ಮಲಗಿರುತ್ತಾರೆ.

ಗಡಿಯಾರದ ಪಾಡು ಇದಕ್ಕಿಂತ ತೊಡಕಿನದು. ಎಕ್ಸಿಫ್ ಮೊದಲಿನಿಂದ ಸ್ಥಳೀಯ ವೇಳೆಯನ್ನಷ್ಟೇ ಬರೆಯುತ್ತಿತ್ತು. ಯಾವ ದೇಶದ ವೇಳೆ ಎಂದು ಬರೆಯುವ ಖಾನೆ ಸೇರಿದ್ದು 2016ರ ಪರಿಷ್ಕರಣೆಯಲ್ಲಿ. ಕ್ಯಾಲಿಫೋರ್ನಿಯಾದಿಂದ ಮೇ ತಿಂಗಳ ಮದುವೆಗೆ ಬಂದ ಚಿಕ್ಕಪ್ಪನ ಮಗ ತನ್ನ ಕ್ಯಾಮೆರಾದ ಗಡಿಯಾರ ಬದಲಿಸಲಿಲ್ಲ ಎನ್ನೋಣ. ಆ ಋತುವಿನಲ್ಲಿ ನಮ್ಮ ವೇಳೆ ಅಲ್ಲಿಯದಕ್ಕಿಂತ ಹನ್ನೆರಡೂವರೆ ಗಂಟೆ ಮುಂದಿರುತ್ತದೆ. ಬೆಳಿಗ್ಗೆ ಹತ್ತೂವರೆಯ ಧಾರೆಯನ್ನು ಅವನ ಕ್ಯಾಮೆರಾ ಹಿಂದಿನ ರಾತ್ರಿ ಹತ್ತು ಗಂಟೆಯದೆಂದು ಬರೆಯುತ್ತದೆ. ಸ್ಟುಡಿಯೋದವರ ಫೋಟೋ, ಅತ್ತೆಯ ಫೋನಿನ ಫೋಟೋಗಳ ಜೊತೆ ಇವನ್ನೂ ಒಂದೇ ಫೋಲ್ಡರಿಗೆ ಹಾಕಿ ದಿನಾಂಕದ ಮೇಲೆ ಜೋಡಿಸಿದರೆ ಧಾರೆ ಎರೆಯುವ ಚಿತ್ರ ಹಿಂದಿನ ರಾತ್ರಿಯ ಆರತಕ್ಷತೆಯ ಊಟದ ಸಾಲಿನ ಮಧ್ಯೆ ಬಂದು ಕೂರುತ್ತದೆ. ಫಿಲ್ ಹಾರ್ವೆ ಎಂಬವರು 2003ರಿಂದ ಬೆಳೆಸಿಕೊಂಡು ಬಂದಿರುವ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಆ ಕ್ಯಾಮೆರಾದ ಚಿತ್ರಗಳಿಗೆಲ್ಲ ಒಂದೇ ಏಟಿಗೆ ಹನ್ನೆರಡೂವರೆ ಗಂಟೆ ಕೂಡಿಸಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅದು ನಡೆಯುತ್ತದೆ. ಕೂಡಿಸುವುದನ್ನು ಎಲ್ಲರ ಫೋಟೋ ಬೆರೆಸುವ ಮುನ್ನ ಮಾಡಬೇಕು. ಬೆರೆತ ಮೇಲೆ ಕ್ಯಾಮೆರಾದ ಹೆಸರು ನೋಡಿ ಬೇರ್ಪಡಿಸುವುದು ಹೆಚ್ಚಿನ ಕೆಲಸ.

ಪೆನ್‌ಡ್ರೈವ್, ಕೇಬಲ್ಲು

ಇಂಟರ್‌ನೆಟ್ ಎಷ್ಟೇ ಬೆಳೆದರೂ ನೂರಾರು ಗಿಗಾಬೈಟ್ ಫೋಟೋ-ವಿಡಿಯೋ ಕೈಬದಲಾಗುವುದು ಪೆನ್‌ಡ್ರೈವ್ ಮತ್ತು ಹಾರ್ಡ್‌ಡಿಸ್ಕುಗಳಲ್ಲೇ. ಡ್ರೈವಿನ ಒಳಗಿನ ಜೋಡಣೆಯ ಪದ್ಧತಿ ಯಂತ್ರದಿಂದ ಯಂತ್ರಕ್ಕೆ ಬೇರೆ. 1996ರಲ್ಲಿ ಬಂದ ಫ್ಯಾಟ್32 ಎಲ್ಲ ಕಡೆಗೂ ಸಲ್ಲುತ್ತದೆ, ಆದರೆ ಒಂದು ಫೈಲು 4 ಗಿಗಾಬೈಟ್ ಮೀರುವಂತಿಲ್ಲ. ಮದುವೆಯ ವಿಡಿಯೋ ಮೀರುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಡ್ರೈವನ್ನು ಮ್ಯಾಕ್ ಓದುತ್ತದೆ, ಬರೆಯಗೊಡುವುದಿಲ್ಲ. ಆಪಲ್‌ನ ಎಪಿಎಫ್‌ಎಸ್ ವಿಂಡೋಸಿಗೆ ಗೊತ್ತೇ ಇಲ್ಲ. ಹಾಕಿದೊಡನೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುವುದುಂಟು. ಆಗ ಹೌದು ಎಂದರೆ ಫೋಟೋಗಳು ಹೋದವು. 2006ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಫ್ಯಾಟ್ ಇವೆಲ್ಲಕ್ಕೂ ನಡುವಿನ ದಾರಿ. ಮ್ಯಾಕ್ 2010ರಲ್ಲಿ ಅದನ್ನು ಒಪ್ಪಿಕೊಂಡಿತು, 2019ರಲ್ಲಿ ವಿವರಗಳು ಬಹಿರಂಗವಾದ ಮೇಲೆ ಲಿನಕ್ಸ್ ಕೂಡ. ಹೊಸ ಡ್ರೈವ್ ಕೊಂಡವರು ಎಕ್ಸ್‌ಫ್ಯಾಟ್ ಮಾಡಿಟ್ಟುಕೊಂಡರೆ ಸಾಕು.

ಮ್ಯಾಕಿನಲ್ಲಿ ತುಂಬಿಸಿದ ಪೆನ್‌ಡ್ರೈವನ್ನು ಟಿವಿಗೆ ಅಥವಾ ವಿಂಡೋಸಿಗೆ ಹಾಕಿದಾಗ ಪ್ರತಿ ಫೋಟೋಕ್ಕೂ ಜೊತೆಯಾಗಿ, ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಅದೇ ಹೆಸರಿನ, ಕೆಲವೇ ಕಿಲೋಬೈಟಿನ ಇನ್ನೊಂದು ಫೈಲು ಕಾಣಬಹುದು. ಅದು ತೆರೆಯುವುದಿಲ್ಲ. ಅರ್ಧಕ್ಕರ್ಧ ಫೋಟೋ ಹಾಳಾಗಿವೆ ಎಂದು ಗಾಬರಿಯಾಗಬೇಕಿಲ್ಲ. ಅವು ಮ್ಯಾಕ್ ತನ್ನ ಉಪಯೋಗಕ್ಕೆ ಬರೆದುಕೊಂಡ ಟಿಪ್ಪಣಿಗಳು, ಚಿತ್ರಗಳೇ ಅಲ್ಲ.

ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಲ್ಲಿ ಸಿಕ್ಕಿಸಿದರೆ ವಿಂಡೋಸ್ ಮತ್ತು ಲಿನಕ್ಸ್ ಎಂಟಿಪಿ ಎಂಬ ಒಪ್ಪಂದದ ಪ್ರಕಾರ ಅದರೊಳಗನ್ನು ತೋರಿಸುತ್ತವೆ. ಮ್ಯಾಕಿಗೆ ಎಂಟಿಪಿ ಬರುವುದಿಲ್ಲವಾದ್ದರಿಂದ ಬೇರೆ ಆ್ಯಪ್ ಬೇಕು. ಯಾವ ಫೋನಾದರೂ ಡಿಸಿಐಎಂ ಎಂಬ ಫೋಲ್ಡರಿನಲ್ಲಿ ನೋಡಬೇಕು. 1998ರ ಜಪಾನೀ ಕಟ್ಟಳೆಯೊಂದು ಕ್ಯಾಮೆರಾಗಳಿಗೆಂದು ಗೊತ್ತುಮಾಡಿದ ಆ ಹೆಸರನ್ನೇ ಫೋನುಗಳೂ ಉಳಿಸಿಕೊಂಡಿವೆ. ಅದೇ ಕಟ್ಟಳೆ ಫೈಲಿನ ಹೆಸರನ್ನು ಎಂಟು ಅಕ್ಷರಕ್ಕೆ ಕಟ್ಟಿಹಾಕಿದ್ದರಿಂದ ಕ್ರಮಸಂಖ್ಯೆ 9999 ಆದ ಮೇಲೆ ಮತ್ತೆ 0001ಕ್ಕೆ ಬರುತ್ತದೆ. ಇಬ್ಬರ ಕ್ಯಾಮೆರಾದಲ್ಲೂ ಒಂದೇ ಹೆಸರಿನ ಫೋಟೋ ಇರುವುದು ಹೀಗೆ. ಎರಡನ್ನೂ ಒಂದೇ ಫೋಲ್ಡರಿಗೆ ಹಾಕುವಾಗ ರಿಪ್ಲೇಸ್ ಎಂದು ಒತ್ತಿದರೆ ಒಬ್ಬರದು ಅಳಿದುಹೋಗುತ್ತದೆ.

ಕನ್ನಡದ ಹೆಸರುಗಳು

ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಡುವವರಿಗೆ ಒಂದು ವಿಶೇಷ ತೊಡಕಿದೆ. ಯೂನಿಕೋಡಿನಲ್ಲಿ ಕೆಲವು ಕನ್ನಡ ಸ್ವರಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಬಹುದು. ‘ಫೋ’ದಲ್ಲಿರುವ ಓಕಾರ ಒಂದೇ ಸಂಕೇತವಾಗಿರಬಹುದು, ಇಲ್ಲವೇ ಎಕಾರದ ಚಿಹ್ನೆ, ಊಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂಬ ಮೂರು ಸಂಕೇತಗಳ ಜೋಡಣೆಯಾಗಿರಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕಿನ ಹಳೆಯ ಫೈಲ್ ಪದ್ಧತಿ ಹೆಸರುಗಳನ್ನೆಲ್ಲ ಬಿಡಿಸಿಯೇ ಇಡುತ್ತಿತ್ತು; ವಿಂಡೋಸ್ ಮತ್ತು ಲಿನಕ್ಸ್ ಟೈಪಿಸಿದಂತೆ, ಸಾಮಾನ್ಯವಾಗಿ ಕೂಡಿಸಿದ ರೂಪದಲ್ಲಿ, ಇಡುತ್ತವೆ. ಮ್ಯಾಕಿನಿಂದ ಬಂದ ಫೋಲ್ಡರು ಲಿನಕ್ಸಿನಲ್ಲಿ ಅದೇ ಹೆಸರಿನ ಇನ್ನೊಂದರ ಪಕ್ಕದಲ್ಲಿ ಕೂತು, ‘ಫೋಟೋ’ ಎಂಬ ಎರಡು ಫೋಲ್ಡರುಗಳು ಕಾಣುವುದು ಇದರಿಂದ. ‘ಸೀಮಂತ’, ‘ಗೃಹಪ್ರವೇಶ’, ‘ಮೈಸೂರು’ ಎಂಬ ಹೆಸರುಗಳಿಗೂ ಈ ತೊಂದರೆ ಇದೆ; ‘ಮದುವೆ’, ‘ನಾಮಕರಣ’ಕ್ಕೆ ಇಲ್ಲ, ಅವುಗಳಲ್ಲಿರುವ ಚಿಹ್ನೆಗಳನ್ನು ಬಿಡಿಸಲಾಗುವುದಿಲ್ಲ. ಇದಕ್ಕೆ ಹೆದರಿ ಇಂಗ್ಲಿಷಿಗೆ ಹೋಗಬೇಕಿಲ್ಲ. ಹೆಸರಿನ ಮೊದಲಿಗೆ 2019-05-12 ಎಂಬಂತೆ ವರ್ಷ, ತಿಂಗಳು, ದಿನ ಬರೆದು ಆಮೇಲೆ ಕನ್ನಡದಲ್ಲಿ ಸಮಾರಂಭದ ಹೆಸರಿಟ್ಟರೆ ಎಲ್ಲ ಯಂತ್ರಗಳಲ್ಲೂ ಕಾಲಕ್ರಮದಲ್ಲಿ ನಿಲ್ಲುತ್ತದೆ, ಜೋಡಿಯಾಗಿದ್ದರೂ ಥಟ್ಟನೆ ಗೊತ್ತಾಗುತ್ತದೆ. ಕೋಲನ್, ಪ್ರಶ್ನೆಚಿಹ್ನೆ, ಓರೆಗೆರೆಗಳನ್ನು ವಿಂಡೋಸ್ ಒಪ್ಪುವುದಿಲ್ಲವಾದ್ದರಿಂದ ಅವನ್ನು ಬಿಡಬೇಕು.

ಮನೆಯ ಜಾಲ ಮತ್ತು ಗಾಳಿಯ ದಾರಿ

ಒಂದೇ ವೈಫೈಯಲ್ಲಿರುವ ಕಂಪ್ಯೂಟರುಗಳು ಎಸ್‌ಎಂಬಿ ಎಂಬ ಒಪ್ಪಂದದ ಮೂಲಕ ಒಂದರ ಫೋಲ್ಡರನ್ನು ಇನ್ನೊಂದಕ್ಕೆ ತೋರಿಸಬಲ್ಲವು. ವಿಂಡೋಸಿನ ಈ ಭಾಷೆಯನ್ನು ಇತರ ಯಂತ್ರಗಳಿಗೆ ಕಲಿಸಿದವರು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್. 1992ರಲ್ಲಿ ಅವರು ಶುರುಮಾಡಿದ ಸಾಂಬಾ ಇಂದಿಗೂ ಲಿನಕ್ಸ್ ಯಂತ್ರಗಳಲ್ಲಿ ದುಡಿಯುತ್ತಿದೆ. 2013ರಿಂದ ಮ್ಯಾಕ್ ಕೂಡ ತನ್ನ ಹಳೆಯ ಪದ್ಧತಿಯನ್ನು ಹಿಂದಕ್ಕೆ ಸರಿಸಿ ಎಸ್‌ಎಂಬಿಯನ್ನೇ ಮೊದಲ ಆಯ್ಕೆಯಾಗಿಸಿಕೊಂಡಿತು. ದೂರದ ಊರುಗಳಲ್ಲಿರುವ ಎರಡು ಕಂಪ್ಯೂಟರುಗಳ ಫೋಲ್ಡರುಗಳನ್ನು ಸಮನಾಗಿಡಲು ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶವಿದೆ, ನಡುವೆ ಯಾವ ಕಂಪನಿಯ ಉಗ್ರಾಣವೂ ಬೇಡ. ಆದರೆ ಸಮನಾಗಿಡುವುದು ಎಂದರೆ ಅಳಿಸುವುದನ್ನೂ ಸಮನಾಗಿಸುವುದು. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ.

ಪಕ್ಕದಲ್ಲಿರುವವರಿಗೆ ಕೊಡಲು ಆಪಲ್ 2011ರಲ್ಲಿ ಏರ್‌ಡ್ರಾಪ್ ತಂದಿತು. ಬಹುಕಾಲ ಅದು ಆಪಲ್ ಯಂತ್ರಗಳ ನಡುವೆ ಮಾತ್ರ ನಡೆಯುತ್ತಿತ್ತು. ಭಾರತದಲ್ಲಿ ಆಂಡ್ರಾಯ್ಡ್ ಬಳಸುವವರು ಬಹುಕಾಲ ನೆಚ್ಚಿದ್ದ ಶೇರ್‌ಇಟ್, ಕ್ಸೆಂಡರ್ ಆ್ಯಪುಗಳು 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪುಗಳ ಪಟ್ಟಿಯಲ್ಲಿದ್ದವು. ಅದೇ ವರ್ಷ ಗೂಗಲ್ ತಂದ ನಿಯರ್‌ಬೈ ಶೇರ್ 2024ರಲ್ಲಿ ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆ ಒಂದಾಯಿತು. ಕ್ವಿಕ್ ಶೇರ್ ಮತ್ತು ಏರ್‌ಡ್ರಾಪ್ ನಡುವಿನ ಗೋಡೆ 2025ರ ಕೊನೆಯಲ್ಲಿ, ಗೂಗಲ್‌ನ ಪಿಕ್ಸೆಲ್ 10 ಫೋನುಗಳಲ್ಲಿ, ಮೊದಲ ಬಾರಿಗೆ ಬಿರಿಯಿತು. ಬೇರೆ ಫೋನಿನವರು ಲೋಕಲ್‌ಸೆಂಡ್‌ನಂಥ, ಎಲ್ಲ ಯಂತ್ರಗಳಲ್ಲೂ ನಡೆಯುವ ಆ್ಯಪ್ ಬಳಸಬಹುದು. ಈ ಎಲ್ಲ ದಾರಿಗಳಲ್ಲೂ ಮೂಲ ಫೈಲು ಕುಗ್ಗದೆ ಹೋಗುತ್ತದೆ.

ವಾಟ್ಸ್‌ಆ್ಯಪ್

ನಮ್ಮ ಮನೆಗಳ ಫೋಟೋ ಹಂಚಿಕೆ ನಿಜವಾಗಿ ನಡೆಯುವುದು ಇಲ್ಲಿ. ಯಾವ ಯಂತ್ರ ಎಂದು ಯಾರೂ ಕೇಳಬೇಕಿಲ್ಲದ ಜಾಗ ಇದು; ನಷ್ಟವೂ ಇಲ್ಲೇ ಅತಿ ಹೆಚ್ಚು. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದ ಚಿತ್ರದ ಉದ್ದದ ಬದಿ ಸುಮಾರು 1600 ಚುಕ್ಕಿಗಳಿಗೆ ಇಳಿಯುತ್ತದೆ. 4000ಕ್ಕೆ 3000 ಇದ್ದದ್ದು 1600ಕ್ಕೆ 1200 ಆದರೆ ಚುಕ್ಕಿಗಳಲ್ಲಿ ಉಳಿಯುವುದು ನೂರಕ್ಕೆ ಹದಿನಾರು ಪಾಲು. ಫೋನಿನ ಪರದೆಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಅಂಗುಲಕ್ಕೆ 300 ಚುಕ್ಕಿಯಂತೆ ಅಚ್ಚು ಹಾಕಿದರೆ ಮೂಲ ಚಿತ್ರ 13 ಅಂಗುಲ ಅಗಲ ಬರುತ್ತದೆ, ವಾಟ್ಸ್‌ಆ್ಯಪಿನದು ಐದು ಅಂಗುಲ ಚಿಲ್ಲರೆ. ಹನ್ನೆರಡಕ್ಕೆ ಹದಿನೆಂಟರ ಆಲ್ಬಮ್ ಹಾಳೆಗೆ ಇದನ್ನು ಕೊಟ್ಟಾಗ ಸ್ಟುಡಿಯೋದವರು ಒರಿಜಿನಲ್ ಇಲ್ಲವೇ ಎಂದು ಕೇಳುವುದು ಇದಕ್ಕೇ.

ಗಾತ್ರಕ್ಕಿಂತ ಹೆಚ್ಚಿನ ನಷ್ಟ ದಿನಾಂಕದ್ದು. ಹೀಗೆ ಬಂದ ಚಿತ್ರದಲ್ಲಿ ಎಕ್ಸಿಫ್ ವಿವರ ಉಳಿದಿರುವುದಿಲ್ಲ. ಆಂಡ್ರಾಯ್ಡಿನಲ್ಲಿ ಫೈಲಿನ ಹೆಸರಲ್ಲಿ ಕಾಣುವ ದಿನಾಂಕ ಫೋಟೋ ತೆಗೆದ ದಿನದ್ದಲ್ಲ, ವಾಟ್ಸ್‌ಆ್ಯಪಿನಲ್ಲಿ ಹೋಗಿ-ಬಂದ ದಿನದ್ದು. ಹತ್ತು ವರ್ಷ ಹಿಂದಿನ ಚೌಲದ ಫೋಟೋವನ್ನು ದೊಡ್ಡಮ್ಮ ಇವತ್ತು ಗುಂಪಿಗೆ ಹಾಕಿದರೆ ಮನೆಯವರೆಲ್ಲರ ಫೋನಿನಲ್ಲೂ ಅದು ಇವತ್ತಿನ ಫೋಟೋಗಳ ನಡುವೆ ಸೇರಿಕೊಳ್ಳುತ್ತದೆ. ಈ ನಷ್ಟಗಳನ್ನು ದಾಟಲು ಸುಲಭ ದಾರಿಯಿದೆ: ಫೋಟೋವನ್ನು ಗ್ಯಾಲರಿಯಿಂದ ಕಳಿಸುವ ಬದಲು ‘ಡಾಕ್ಯುಮೆಂಟ್’ ಎಂದು ಕಳಿಸುವುದು. ಆಗ ಫೈಲು ಅಕ್ಷರಶಃ ಹಾಗೇ ಹೋಗುತ್ತದೆ, 2022ರಿಂದ 2 ಗಿಗಾಬೈಟಿನವರೆಗೂ ಹೋಗುತ್ತದೆ. 2023ರಲ್ಲಿ ಬಂದ ಎಚ್‌ಡಿ ಗುಂಡಿ ಗಾತ್ರವನ್ನು ಹೆಚ್ಚಿಸುತ್ತದೆ, ಮೂಲ ಫೈಲನ್ನು ಮಾತ್ರ ಕಳಿಸುವುದಿಲ್ಲ. ಇನ್ನೊಂದು ಬದಿಯೂ ಇದೆ. ಎಕ್ಸಿಫ್‌ನಲ್ಲಿ ಮನೆಯ ಜಾಗ ಬರೆದಿರುವುದರಿಂದ, ಅಷ್ಟಾಗಿ ಪರಿಚಯವಿಲ್ಲದವರ ಗುಂಪಿಗೆ ಮಕ್ಕಳ ಫೋಟೋ ಹಾಕುವಾಗ ಅದು ಅಳಿಸಿಹೋಗುವುದೇ ಒಳ್ಳೆಯದು. ಹತ್ತಿರದವರಿಗೆ ಡಾಕ್ಯುಮೆಂಟ್, ಉಳಿದವರಿಗೆ ಸಾಮಾನ್ಯ ಫೋಟೋ ಎಂದು ಇಟ್ಟುಕೊಂಡರೆ ಆಯಿತು.

ಕ್ಲೌಡ್ ಸೇವೆಗಳು

2015ರ ಮೇ ತಿಂಗಳಲ್ಲಿ ಆರಂಭವಾದ ಗೂಗಲ್ ಫೋಟೋಸ್ ಆಂಡ್ರಾಯ್ಡ್, ಐಫೋನು, ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ತೆರೆಯುವುದರಿಂದ ಮಿಶ್ರ ಮನೆಗಳಿಗೆ ಹೊಂದಿತು. ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿದು ಈಗ ಇಮೇಲೂ ಸೇರಿ 15 ಗಿಗಾಬೈಟ್ ಉಳಿದಿದೆ. ನಾಲ್ಕು ಮೆಗಾಬೈಟಿನ ಫೋಟೋ ಲೆಕ್ಕದಲ್ಲಿ ನಾಲ್ಕು ಸಾವಿರವೂ ಹಿಡಿಯುವುದಿಲ್ಲ. ಆಪಲ್‌ನ ಐಕ್ಲೌಡ್ ಉಚಿತವಾಗಿ ಕೊಡುವುದು 5 ಗಿಗಾಬೈಟ್. ಅದರ ಶೇರ್ಡ್ ಆಲ್ಬಮ್ ಬಂಧುಗಳಿಗೆ ತೋರಿಸಲು ಚೆನ್ನ, ಕಾಪಿಡಲು ಅಲ್ಲ. ಅಲ್ಲಿ ಚಿತ್ರದ ಉದ್ದದ ಬದಿಯನ್ನು 2048 ಚುಕ್ಕಿಗಳಿಗೆ ಇಳಿಸಲಾಗುತ್ತದೆ.

ಸೇವೆ ಬಿಟ್ಟು ಹೊರಡುವ ದಿನ ನಿಜವಾದ ಪರೀಕ್ಷೆ. ಗೂಗಲ್ ಟೇಕ್‌ಔಟ್ ಮೂಲಕ ಫೋಟೋ ಇಳಿಸಿಕೊಂಡರೆ ನಾವು ಅಲ್ಲಿ ತಿದ್ದಿದ ದಿನಾಂಕ, ಬರೆದ ವಿವರಣೆ ಚಿತ್ರದೊಳಗೆ ಇರುವುದಿಲ್ಲ. ಪಕ್ಕದಲ್ಲಿ ಬರುವ ಜೇಸನ್ ಎಂಬ ಪಠ್ಯ ಫೈಲಿನಲ್ಲಿರುತ್ತವೆ. ಅವನ್ನು ಕಸವೆಂದು ಅಳಿಸಬಾರದು, ಎಕ್ಸಿಫ್‌ಟೂಲ್ ಅವುಗಳಿಂದ ವಿವರ ತೆಗೆದು ಚಿತ್ರದೊಳಗೆ ಬರೆಯಬಲ್ಲದು. ಐಕ್ಲೌಡ್‌ನಿಂದ ಗೂಗಲ್‌ಗೆ ನೇರವಾಗಿ ಸಾಗಿಸುವ ವ್ಯವಸ್ಥೆ 2021ರಲ್ಲಿ, ಗೂಗಲ್‌ನಿಂದ ಐಕ್ಲೌಡ್‌ಗೆ ಸಾಗಿಸುವುದು 2024ರಲ್ಲಿ ಬಂತು.

ಯಂತ್ರದಿಂದ ಯಂತ್ರಕ್ಕೆ ಸಾಗುವಾಗ ಚಿತ್ರದ ಬಣ್ಣ ಬೇರೆಯಾಗಿ ಕಾಣುವ ವಿಷಯ ಈಗ ಚಿಕ್ಕದು. 2009ರವರೆಗೆ ಮ್ಯಾಕಿನ ಪರದೆಯ ಗಾಮಾ (ನಡುಛಾಯೆಗಳ ಹೊಳಪನ್ನು ನಿರ್ಧರಿಸುವ ಸಂಖ್ಯೆ) 1.8, ವಿಂಡೋಸಿನದು 2.2 ಇದ್ದುದರಿಂದ ಮ್ಯಾಕಿನಲ್ಲಿ ತಿದ್ದಿದ ಫೋಟೋ ವಿಂಡೋಸಿನಲ್ಲಿ ಕಪ್ಪಿಡುತ್ತಿತ್ತು. ಆ ವರ್ಷ ಮ್ಯಾಕ್ 2.2ಕ್ಕೆ ಬಂದ ಮೇಲೆ ಆ ಜಗಳ ಮುಗಿಯಿತು.

ಹೆಸರು ಬರೆದಿಡುವುದು

ಚಿತ್ರದಲ್ಲಿರುವವರು ಯಾರು ಎಂಬ ಮಾಹಿತಿ ಯಂತ್ರಗಳ ನಡುವೆ ಸಾಗುವುದು ಎಲ್ಲಕ್ಕಿಂತ ಕಷ್ಟ. ಗೂಗಲ್ ಫೋಟೋಸ್ ಆಗಲಿ ಐಫೋನ್ ಆಗಲಿ ಮುಖ ಗುರುತಿಸಿ ಗುಂಪು ಮಾಡಿದ ಮೇಲೆ ನಾವು ಕೊಡುವ ಹೆಸರುಗಳನ್ನು ತಮ್ಮ ಕೋಶದಲ್ಲೇ ಇಟ್ಟುಕೊಳ್ಳುತ್ತವೆ, ಫೋಟೋ ಹೊರಗೆ ಹೋದಾಗ ಅದರೊಳಗೆ ಬರೆದು ಕಳಿಸುವುದಿಲ್ಲ. ಪಿಕಾಸಾ ಬಳಸಿದವರಿಗೆ ಇದರ ಬೆಲೆ ಗೊತ್ತು. 2016ರಲ್ಲಿ ಗೂಗಲ್ ಅದನ್ನು ನಿಲ್ಲಿಸಿದಾಗ, ಹೆಸರುಗಳನ್ನು ಫೈಲಿನೊಳಗೆ ಬರೆಯುವ ಆಯ್ಕೆಯನ್ನು ಮೊದಲೇ ಒತ್ತಿದ್ದವರ ಹೆಸರುಗಳು ಚಿತ್ರದ ಜೊತೆಗೇ ಉಳಿದವು. ಒತ್ತದಿದ್ದವರ ಹೆಸರುಗಳು ಹಳೆಯ ಕಂಪ್ಯೂಟರಿನ ಜೊತೆ ಹೋದವು. ಅಡೋಬಿ 2001ರಲ್ಲಿ ತಂದ ಎಕ್ಸ್‌ಎಂಪಿ ಪದ್ಧತಿಯಲ್ಲಿ ಯಾವ ಮುಖ ಎಲ್ಲಿದೆ, ಯಾರದು ಎಂದು ಫೋಟೋದೊಳಗೇ ಬರೆಯಬಹುದು, ಕನ್ನಡದಲ್ಲೂ ಬರೆಯಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತವಾಗಿ ಸಿಗುವ ಡಿಜಿಕ್ಯಾಮ್ ಈ ಕೆಲಸ ಮಾಡುತ್ತದೆ. ಸೆಟ್ಟಿಂಗಿನ ಮೆಟಾಡೇಟಾ ವಿಭಾಗದಲ್ಲಿ ಮುಖಗಳ ಹೆಸರನ್ನು ಫೈಲಿಗೆ ಬರೆಯುವ ಆಯ್ಕೆಯನ್ನು ಗುರುತು ಹಾಕಿಕೊಂಡು ಕೆಲಸ ಶುರುಮಾಡಬೇಕು. ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಳೆಯ ಫೋಟೋಗಳ ಸ್ಕ್ಯಾನುಗಳಿಂದ ಆರಂಭಿಸುವುದು ಒಳ್ಳೆಯದು. ಆ ಹೆಸರುಗಳು ಬೇರೆ ಯಾವ ಯಂತ್ರದಲ್ಲೂ ಇಲ್ಲ.